ಪಟ್ಟಾಯದ ರಾತ್ರಿ ಬೀದಿಗೆ ಹೋಗ್ಲಾ, ರೂಮಲ್ಲೇ ಇರ್ಲಾ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಗೊಬ್ಬರ, ಬೀಜದ ಅಂಗಡಿ. ಟಾರ್ಗೆಟ್ ಮುಟ್ಟಿದ ಡೀಲರ್‌ಗಳನ್ನು ಕಂಪನಿಯವರು ಮುಂದಿನ ತಿಂಗಳು ಬ್ಯಾಂಕಾಕ್, ಪಟ್ಟಾಯಕ್ಕೆ ಕರೆದುಕೊಂಡು ಹೋಗ್ತಿದ್ದಾರೆ. ರಾತ್ರಿ ವಾಕಿಂಗ್ ಸ್ಟ್ರೀಟ್ ನೋಡಲೇಬೇಕು ಅಂತ ಎಲ್ಲರ ಹಟ. ಹೋದ ವರ್ಷ ಹೋಗಿದ್ದವರೊಬ್ಬರು ಅಲ್ಲೊಂದು ಬಾರಿನಲ್ಲಿ ಜೇಬು ಖಾಲಿ ಮಾಡಿಕೊಂಡು ಬಂದಿದ್ದಾರೆ. ನಾನು ಕುಡಿಯಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಹೋಗ್ಲಾ, ಬೇಡ್ವಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಹೋಗಿ ಬನ್ನಿ ಸರ್. ಸಂಜೆ ಆದ ಮೇಲೆ ಆ ಬೀದಿಗೆ ಗಾಡಿ ಬಿಡುವುದಿಲ್ಲ, ದೀಪ, ಜನ ನೋಡುತ್ತಾ ಸುಮ್ನೆ ನಡೆಯುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ. ದುಡ್ಡು ಹೋಗುವುದು ಬಾಗಿಲು ದಾಟಿದ ಮೇಲೆ. ಕೈಯಲ್ಲಿ ಒಂದು ಕಾರ್ಡ್ ಹಿಡಿದು, ಶೋ ಫ್ರೀ, ಬಿಯರ್ ಅಗ್ಗ ಅಂತ ತೋಳು ಹಿಡಿದು ಮಹಡಿಗೆ ಕರೆಯುವವರ ಹಿಂದೆ ಮಾತ್ರ ಹೋಗಲೇಬೇಡಿ. ಹತ್ತುವಾಗ ಒಂದು ರೇಟು, ಇಳಿಯುವಾಗ ಸಾವಿರಗಟ್ಟಲೆ ಬಾತ್ (ಅಲ್ಲಿನ ದುಡ್ಡು) ಬಿಲ್ಲು, ಬಾಗಿಲಲ್ಲಿ ದಾಂಡಿಗರು. ಬ್ಯಾಂಕಾಕ್‌ನ ಪಾಟ್‌ಪಾಂಗ್ ಬೀದಿಯಲ್ಲಿ ಇದು ಬಹಳ ಹಳೇ ಆಟ.

ಒಳಗೆ ಕೂರುವುದೇ ಆದರೆ ಜಾಗ ನೀವೇ ಆರಿಸಿ, ರೇಟು ಕೇಳಿಯೇ ಕೂರಿ. ಅಲ್ಲಿ ಸುಮಾರು ಬಾರುಗಳಲ್ಲಿ ನಿಮ್ಮ ಮುಂದೆ ಒಂದು ಪುಟ್ಟ ಲೋಟ ಇಡುತ್ತಾರೆ, ಏನಾದರೂ ತಂದುಕೊಟ್ಟಾಗಲೆಲ್ಲ ಒಂದು ಚೀಟಿ ಸುರುಳಿ ಸುತ್ತಿ ಅದರೊಳಗೆ ಸಿಕ್ಕಿಸುತ್ತಾರೆ. ಅದೇ ನಿಮ್ಮ ಲೆಕ್ಕ. ಮೆಕ್ಕೆಜೋಳ ತೂಗುವಾಗ ಕಾಟಾ ಮೇಲಿಂದ ಕಣ್ಣು ತೆಗೆಯಲ್ಲ ಅಲ್ವಾ, ಹಾಗೆ ಒಂದೊಂದು ಚೀಟಿ ಬಿದ್ದಾಗಲೂ ಬಿಚ್ಚಿ ನೋಡಿ. ಪಕ್ಕ ಬಂದು ಕೂತ ಹುಡುಗಿಗೆ ಕೊಡಿಸುವ ಡ್ರಿಂಕ್‌ಗೆ ಬೇರೆ ರೇಟು, ಜಾಸ್ತಿ. ತೂಗುಹಾಕಿದ ಗಂಟೆ ಕಂಡರೆ ಮುಟ್ಟಬೇಡಿ, ಬಾರಿಸಿದವರು ಅಲ್ಲಿದ್ದವರಿಗೆಲ್ಲ ಕುಡಿಸಬೇಕು. ನಿಮ್ಮ ಸೋಡಾ ಆದರೂ ಕಣ್ಣೆದುರೇ ಓಪನ್ ಮಾಡಿಸಿ, ಬಿಟ್ಟು ಎದ್ದು ಹೋದರೆ ವಾಪಸ್ ಬಂದು ಅದನ್ನೇ ಕುಡಿಯಬೇಡಿ.

ಕೊರಳಲ್ಲಿ ಚಿನ್ನದ ಚೈನ್ ಇದ್ದರೆ ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿ. ಪಟ್ಟಾಯದಲ್ಲಿ ನಮ್ಮ ದೇಶದವರ ಚೈನ್ ಹೋಗುವುದು ಹೊಸದೇನಲ್ಲ. ರಾತ್ರಿ ಬೀಚ್ ರೋಡಿನಲ್ಲಿ ಯಾರೋ ನಗುನಗುತ್ತಾ ಬಂದು ತಬ್ಬಿಕೊಳ್ಳುತ್ತಾರೆ, ನೀವು ನಾಚಿಕೊಂಡು ಬಿಡಿಸಿಕೊಳ್ಳುವಷ್ಟರಲ್ಲಿ ಕೊಂಡಿ ಕಳಚಿರುತ್ತದೆ. ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ಜೇಬಿನ ಮೇಲೆ ಕೈ ಇಟ್ಟುಕೊಂಡು ನಡೆಯುತ್ತೀರಲ್ಲ, ಅಷ್ಟು ಎಚ್ಚರ ಅಲ್ಲೂ ಬೇಕು. ಪಾಸ್‌ಪೋರ್ಟ್ ರೂಮಿನ ಲಾಕರ್‌ನಲ್ಲಿ, ಅದರ ಫೋಟೋ ಫೋನಿನಲ್ಲಿ. ಆ ರಾತ್ರಿಗೆ ಬೇಕಾದಷ್ಟೇ ನೋಟು ಜೇಬಿನಲ್ಲಿ.

ಬಿಲ್ಲಿನ ವಿಷಯಕ್ಕೆ ತಕರಾರು ಬಂದರೆ ಕೈ ಎತ್ತಬೇಡಿ, ದನಿಯನ್ನೂ ಏರಿಸಬೇಡಿ. 1155ಕ್ಕೆ ಫೋನ್ ಮಾಡಿ, ಅದು ಥಾಯ್ಲೆಂಡಿನ ಟೂರಿಸ್ಟ್ ಪೊಲೀಸ್ ನಂಬರ್, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಅದಕ್ಕೇ ಇಂಗ್ಲಿಷ್ ಬರುವ ಒಬ್ಬರು ನಿಮ್ಮ ಜೊತೆಯಲ್ಲೇ ಇರಲಿ. ಬಾಗಿಲಿಗೆ ಅಡ್ಡ ನಿಂತು ಹೆದರಿಸಿದರೆ ಕೊಟ್ಟು ಹೊರಗೆ ಬಂದು ಫೋನ್ ಮಾಡಿ. ಪ್ರಾಣಕ್ಕಿಂತ ದುಡ್ಡು ದೊಡ್ಡದಲ್ಲ.

ಇನ್ನೊಂದು. ಹೊರಡುವ ಮುಂಚೆ ಹೋಟೆಲ್ ರಿಸೆಪ್ಷನ್‌ನಲ್ಲಿ ಥಾಯ್ ಅಕ್ಷರದಲ್ಲಿ ವಿಳಾಸ ಇರುವ ಕಾರ್ಡ್ ಕೇಳಿ ಇಸಕೊಳ್ಳಿ. ಅಲ್ಲಿನ ಎಷ್ಟೋ ಡ್ರೈವರ್‌ಗಳಿಗೆ ನಾವು ಹೇಳುವ ಹೋಟೆಲ್ ಹೆಸರು ಅರ್ಥ ಆಗುವುದಿಲ್ಲ, ಆ ಕಾರ್ಡ್ ತೋರಿಸಿದರೆ ಸಾಕು, ಹೋಟೆಲ್ ಬಾಗಿಲಿಗೇ ತಂದು ಬಿಡುತ್ತಾರೆ.