ಎಲ್ಲರ ಬಾಯಲ್ಲೂ ಒಂದೇ ಮಾತು

ನಮಸ್ಕಾರ,

ನೀವು ಕಳಿಸಿದ ಹುಬ್ಬಳ್ಳಿ ಖಾನಾವಳಿಯ ಕಥೆ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸಾಲ ತೀರದೆ ಖಾನಾವಳಿ ಮುಚ್ಚುವ ಹೆಂಗಸು, ಅಲ್ಲಿ ದಿನಾ ಉಣ್ಣುವ ಬೆಂಗಳೂರಿನ ಹುಡುಗ. ವಸ್ತು ಚೆನ್ನಾಗಿದೆ. ಕಥೆ ಸೋಲುವುದು ಇವರು ಬಾಯಿ ಬಿಟ್ಟಾಗ.

ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವಳು "ಇಲ್ಲ ಕಣೋ, ಹೋಗ್ತಾ ಇದೀನಿ" ಅನ್ನುತ್ತಾಳೆ. ಈ 'ಕಣೋ' ಮೈಸೂರು, ಮಂಡ್ಯ, ಬೆಂಗಳೂರು ಕಡೆಯದು. ಅವಳಾದರೆ "ಇಲ್ಲಪಾ, ಹೊಂಟೀನಿ" ಅಂದಾಳು. ನಿಮಗೂ ಅನುಮಾನ ಬಂದಿರಬೇಕು, ಅದಕ್ಕೇ ಸಾಲಿಗೊಂದು 'ಭಾಳ', 'ಅಗದಿ' ಉದುರಿಸಿದ್ದೀರಿ. ಅಷ್ಟಕ್ಕೇ ಅದು ಹುಬ್ಬಳ್ಳಿ ಮಾತಾಗುವುದಿಲ್ಲ. ಕ್ರಿಯಾಪದವೇ ಬದಲಾಗಬೇಕು. 'ಮಾಡ್ತಾ ಇದೀನಿ' ಅಲ್ಲ, 'ಮಾಡಾಕತ್ತೀನಿ'. ಆ ಸೀಮೆಯ ಕೆಲವು ಮನೆಗಳಲ್ಲಿ ಅದು 'ಮಾಡ್ಲಿಕ್ಕತ್ತೀನಿ'. ಇವಳದು ಯಾವ ಮನೆ ಅನ್ನುವುದು ನಿಮಗಾದರೂ ಗೊತ್ತಿರಬೇಕು, ಅಲ್ವಾ?

ನನಗೆ ಇದಕ್ಕಿಂತ ಜಾಸ್ತಿ ಕಸಿವಿಸಿಯಾದದ್ದು ಯಾರು ಯಾರಿಗೆ ಏನನ್ನುತ್ತಾರೆ ಎಂಬಲ್ಲಿ. ಹುಡುಗ ಗೆಳೆಯನಿಗೆ "ಲೇ ಮಗಾ" ಅನ್ನಲಿ, ಸರಿ. ಸಾಲ ವಸೂಲಿಗೆ ಬಂದ ಹಿರಿಯರಿಗೂ "ಗುರು, ಸ್ವಲ್ಪ ಟೈಮ್ ಕೊಡು" ಅಂದರೆ? ಅಲ್ಲಿ ಜಗಳ ಆಗಲೇಬೇಕು. ನಿಮ್ಮ ಕಥೆಯಲ್ಲಿ ಆ ಹಿರಿಯರು ನಕ್ಕು ಚಹಾ ಕುಡಿಯುತ್ತಾರೆ!

ಇನ್ನು 'ರಿ'. ಆ ಹೆಂಗಸು ಬಂದವರಿಗೆಲ್ಲ "ಬರ್ರಿ, ಕುಂದರ್ರಿ, ರೊಟ್ಟಿ ಹಾಕಲೇನ್ರಿ" ಅನ್ನುವವಳು. ವಯಸ್ಸಿನಲ್ಲಿ ಚಿಕ್ಕವನಾದರೂ ಹುಡುಗನಿಗೂ ಮೊದಮೊದಲು ಹಾಗೇ ಅನ್ನಲಿ. ಒಂದು ದಿನ 'ರಿ' ಬಿಟ್ಟು "ಇನ್ನೊಂದ್ ರೊಟ್ಟಿ ತಿನ್ನಪಾ" ಅನ್ನಲಿ. ಆಮೇಲೆ "ಅವರಿಬ್ಬರ ನಡುವೆ ತಾಯಿ-ಮಗನ ಬಾಂಧವ್ಯ ಬೆಳೆಯಿತು" ಎಂದು ಶುರುವಾಗುವ ಇಡೀ ಪ್ಯಾರಾ ಬೇಕಾಗುವುದಿಲ್ಲ. ಸುಮ್ನೆ ಹೊಡೆದು ಹಾಕಿ.

ಊರು ಬಿಡುವಾಗ ಅವಳು "ವಿದಾಯ" ಅನ್ನುತ್ತಾಳೆ. ಅದು ಬೀಳ್ಕೊಡುಗೆ ಬ್ಯಾನರಿನ ಭಾಷೆ. ಮತ್ತೆ ಬರುವುದಿಲ್ಲ ಅಂತ ಗೊತ್ತಿದ್ದರೂ ನಮ್ಮವರು "ಬರ್ತೀನ್ರಿ" ಅಂತಲೇ ಹೊರಡುವುದು. "ಹೋಗ್ತೀನಿ" ಅಂದರೆ ಎಷ್ಟೋ ಮನೆಗಳಲ್ಲಿ ಈಗಲೂ ಬೈಸಿಕೊಳ್ಳಬೇಕು.

ನಿರೂಪಣೆ ಈಗಿರುವ ಕನ್ನಡದಲ್ಲೇ ಇರಲಿ, ಅದನ್ನೂ ಆಡುಮಾತಿಗೆ ತಿರುಗಿಸಲು ಹೋಗಬೇಡಿ. ಶೇಂಗಾ ಚಟ್ನಿ ಕುಟ್ಟುವ ಪುಟದಲ್ಲಿ ಒಂದಕ್ಷರ ಮುಟ್ಟಬೇಡಿ. ಉಳಿದ ಸಂಭಾಷಣೆಯನ್ನು ಹುಬ್ಬಳ್ಳಿಯವರೊಬ್ಬರಿಂದ ಜೋರಾಗಿ ಓದಿಸಿ, ಅವರು ತಡವರಿಸಿದ ಕಡೆ ಗುರುತು ಹಾಕಿ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ