ಹಳೆ ಸುದ್ದಿಗಳಲ್ಲಿ ಊರಿನ ಹೆಸರು ಒಟ್ಟಿಗೆ ಬದಲಿಸುವಾಗ ನನ್ನ ಆ್ಯಂಡ್ರಾಯ್ಡ್ ಆ್ಯಪ್ ಹ್ಯಾಂಗ್ ಆಗುತ್ತಿದೆ, ಏನು ಮಾಡಲಿ?

ಪ್ರತಿ ಹೆಸರಿಗೂ ಲೂಪ್‌ನಲ್ಲಿ ರಿಪ್ಲೇಸ್ ಕರೆಯುತ್ತಿದ್ದೀರಿ ಅಲ್ವಾ? ತೊಂದರೆ ಅಲ್ಲೇ ಇದೆ. ಪ್ರತಿ ಸಲವೂ ಇಡೀ ಪಠ್ಯವನ್ನು ಮೊದಲಿಂದ ಹುಡುಕಬೇಕು, ಬದಲಾದಾಗೆಲ್ಲ ಹೊಸ ಸ್ಟ್ರಿಂಗ್ ಬೇರೆ. ಹಳೆ ಹೆಸರು, ಹೊಸ ಹೆಸರಿನ ಜೋಡಿಗಳನ್ನು ಮ್ಯಾಪ್‌ಗೆ (ಹಳೆಯದು ಕೊಟ್ಟರೆ ಹೊಸದು ಕೊಡುವ ಪಟ್ಟಿ) ಹಾಕಿ. ಹಳೆ ಹೆಸರುಗಳನ್ನೆಲ್ಲ ಸೇರಿಸಿ ಒಂದೇ ರೆಜೆಕ್ಸ್ (ಪಠ್ಯದಲ್ಲಿ ಹುಡುಕಲು ಬರೆಯುವ ಮಾದರಿ) ಮಾಡಿ, ಒಮ್ಮೆ ಮಾತ್ರ ಕಂಪೈಲ್ ಮಾಡಿ. ಸಿಕ್ಕಿದ್ದಕ್ಕೆ ಮ್ಯಾಪ್‌ನಿಂದ ಹೊಸ ಹೆಸರು ತೆಗೆದು ಉಳಿದ ಪಠ್ಯದ ಜೊತೆ ಸ್ಟ್ರಿಂಗ್‌ಬಿಲ್ಡರ್‌ಗೆ (ಪಠ್ಯವನ್ನು ತುಂಡುತುಂಡಾಗಿ ಕೂಡಿಸುವ ಸಾಧನ) ಸೇರಿಸುತ್ತಾ ಹೋಗಿ, ಒಂದೇ ಸುತ್ತಿಗೆ ಮುಗಿಯುತ್ತದೆ.

ರೆಜೆಕ್ಸ್‌ನಲ್ಲಿ ಉದ್ದದ ಪದ ಮೊದಲಿರಲಿ. ಇಲ್ಲದಿದ್ದರೆ 2014ಕ್ಕೆ ಮುಂಚಿನ ಸುದ್ದಿಯ ‘ಗುಲ್ಬರ್ಗಾದಲ್ಲಿ’ ಹೋಗಿ ‘ಕಲಬುರಗಿದಲ್ಲಿ’ ಆಗುತ್ತದೆ! ‘ಗುಲ್ಬರ್ಗಾದಲ್ಲಿ’ಗೆ ‘ಕಲಬುರಗಿಯಲ್ಲಿ’ ಅಂತ ಬೇರೆ ಜೋಡಿಯೇ ಬೇಕು.

ಹೆಸರು ಸಾವಿರಾರು ಇದ್ದರೆ ಆಹೋ-ಕೊರಾಸಿಕ್ (ಹಲವು ಪದಗಳನ್ನು ಒಂದೇ ಸುತ್ತಿಗೆ ಹುಡುಕುವ ಅಲ್ಗಾರಿದಮ್) ನೋಡಿ. ನೂರಿನ್ನೂರಕ್ಕೆ ಸುಮ್ನೆ ಯಾಕೆ? ಕೆಲಸವೆಲ್ಲ ಬ್ಯಾಕ್‌ಗ್ರೌಂಡ್ ಥ್ರೆಡ್‌ನಲ್ಲಿ ನಡೆಯಲಿ, ಪರದೆಯಲ್ಲಿ ಪಠ್ಯ ತೋರಿಸುವ ಟೆಕ್ಸ್ಟ್‌ವ್ಯೂಗೆ ಕೊನೆಗೆ ಒಂದೇ ಸಲ ಹಾಕಿ.