ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ

ಬ್ಯಾಂಕುಗಳಿಗೆ ರಜೆಯಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಆಪ್ತಸಲಹೆಗಾರ್ತಿಯಾದ ನನಗೆ ಬಿಡುವಿರುವುದಿಲ್ಲ. 2019 ಮತ್ತು 2020ರಲ್ಲಿ ಸರ್ಕಾರಿ ಬ್ಯಾಂಕುಗಳು ಒಂದರೊಳಗೊಂದು ವಿಲೀನವಾದ ಮೇಲಂತೂ ನಲವತ್ತರ ಆಸುಪಾಸಿನ ಅಧಿಕಾರಿಗಳು ಹೆಚ್ಚಾಗಿ ಬರತೊಡಗಿದ್ದಾರೆ. ಅವರಲ್ಲಿ ಬಹುತೇಕರು ಮಾತು ಶುರು ಮಾಡುವುದು ಬಡ್ತಿಯಿಂದ. ಕೆಲಸದ ಸುದ್ದಿ ಬರುವುದು ಮೂರನೆಯ ಭೇಟಿಗೋ ನಾಲ್ಕನೆಯ ಭೇಟಿಗೋ. ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅಂಥದ್ದೇ. ಆದರೆ ಇದರಲ್ಲಿ ನಾನೂ ಒಂದು ತಪ್ಪು ಮಾಡಿದೆ. ಬರೆಯಲು ಅದೂ ಒಂದು ಕಾರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಆಗ ನಲವತ್ತೊಂದು ವರ್ಷ. ಗುಮಾಸ್ತರಾಗಿ ಸೇರಿ, ಅಧಿಕಾರಿಯಾಗಿ, ಸ್ಕೇಲ್ ಎರಡರ ದರ್ಜೆಯಲ್ಲಿ ಸಣ್ಣ ಊರಿನ ಶಾಖೆಯೊಂದರ ವ್ಯವಸ್ಥಾಪಕರಾಗಿದ್ದರು. ಸ್ಕೇಲ್ ಮೂರರ ಬಡ್ತಿ ಸಂದರ್ಶನದಲ್ಲಿ ಎರಡು ಸಲ ಹಿಂದೆ ಬಿದ್ದಿದ್ದರು. ಅವರ ಷಡ್ಡಕರು ಬೇರೊಂದು ಬ್ಯಾಂಕಿನಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೆಂಬುದನ್ನು ಮೊದಲ ಭೇಟಿಯಲ್ಲೇ ಮೂರು ಸಲ ಹೇಳಿದರು. ಯಾವುದೋ ತರಬೇತಿಯಲ್ಲಿ ಬರೆಸಿದ್ದ ‘ಐದು ವರ್ಷದ ಗುರಿಗಳು’ ಎಂಬ ಇಂಗ್ಲಿಷ್ ಹಾಳೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಗುರಿ ಸ್ಪಷ್ಟವಾಗಿದೆ ಮೇಡಂ, ಹುರುಪು ಬರುತ್ತಿಲ್ಲ, ಅದಕ್ಕೆ ಏನಾದರೂ ಹೇಳಿಕೊಡಿ" ಎಂದರು. ನಿದ್ರೆ, ಹಸಿವು, ಮನೆಯವರೊಂದಿಗಿನ ಮಾತುಕತೆ ಸರಿಯಾಗಿಯೇ ಇವೆಯೆಂದು ವಿಚಾರಿಸಿ ಖಚಿತಪಡಿಸಿಕೊಂಡೆ. ಅವು ವಾರಗಟ್ಟಲೆ ಕೆಟ್ಟಿದ್ದರೆ ನಾನು ಗುರಿಯ ಮಾತೇ ಆಡದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.

ಗುರಿ ಏನು ಎಂಬುದಕ್ಕಿಂತ ಮೊದಲು, ಕಳೆದೊಂದು ವರ್ಷದಲ್ಲಿ ಗಡಿಯಾರ ನೋಡುವುದನ್ನು ಮರೆತ ಕೆಲಸ ಯಾವುದು ಎಂದು ಕೇಳುವುದು ನನ್ನ ರೂಢಿ. ಅವರು ಸ್ವಲ್ಪ ಯೋಚಿಸಿ, ಗ್ರಾಹಕರ ಸೇವೆ ಎಂದರು. ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರಿಗೆ ಜೀವನ ಜ್ಯೋತಿ ವಿಮೆಯ ಎರಡು ಲಕ್ಷ ರೂಪಾಯಿ ಕೊಡಿಸಿದ ಪ್ರಸಂಗವನ್ನು ಹೇಳಿದರು. ಒಳ್ಳೆಯ ಪ್ರಸಂಗವದು. ನಾನು ಟಿಪ್ಪಣಿಯಲ್ಲಿ ‘ಜನರಿಗೆ ನೆರವಾಗುವುದೇ ಪ್ರೇರಣೆ’ ಎಂದು ಬರೆದುಕೊಂಡೂಬಿಟ್ಟೆ. ಆಪ್ತಸಲಹೆಗಾರರ ಎದುರು ಕುಳಿತವರು ಅವರಿಗೆ ಹಿಡಿಸಬಹುದಾದ ಉತ್ತರವನ್ನೇ ಕೊಡುತ್ತಾರೆ ಎಂಬುದು ಇಷ್ಟು ವರ್ಷದ ಅನುಭವದಲ್ಲಿ ನನಗೆ ತಿಳಿಯದ ವಿಷಯವೇನಲ್ಲ.

ಮೂರನೆಯ ಭೇಟಿ ಒಂದು ಶುಕ್ರವಾರ ಸಂಜೆಗೆ ನಿಗದಿಯಾಗಿತ್ತು. ಅವರು ಬರಲಿಲ್ಲ, "ಕ್ಯಾಷ್ ಟ್ಯಾಲಿ ಆಗಿಲ್ಲ, ಕ್ಷಮಿಸಿ" ಎಂಬ ಸಂದೇಶ ಬಂತು. ವ್ಯವಸ್ಥಾಪಕರಿಗೆ ಕ್ಯಾಷ್ ಕೌಂಟರಿನಲ್ಲೇನು ಕೆಲಸ, ಇದು ತಪ್ಪಿಸಿಕೊಳ್ಳುವ ನೆಪ ಎಂದು ಭಾವಿಸಿ ಹಾಗೆಯೇ ಬರೆದಿಟ್ಟೆ. ಮುಂದಿನ ಶನಿವಾರ ಅವರು ಬಂದಾಗ, ತುಸು ಅಸಮಾಧಾನದಿಂದಲೇ, ಆ ದಿನ ಏನಾಗಿತ್ತೆಂದು ಕೇಳಿದೆ.

ದಿನದ ಕೊನೆಗೆ ನಗದಿನಲ್ಲಿ ನೂರಾ ಎಂಬತ್ತು ರೂಪಾಯಿ ಕಡಿಮೆ ಬಂದಿತ್ತು. ಕಡಿಮೆ ಬಿದ್ದದ್ದನ್ನು ಕ್ಯಾಷಿಯರೇ ಕೈಯಿಂದ ತುಂಬಬೇಕು. ಸಣ್ಣ ಮೊತ್ತವಾದ್ದರಿಂದ ಆ ಹುಡುಗ "ನಾನೇ ಹಾಕಿಬಿಡ್ತೀನಿ ಸರ್, ಬಸ್ಸಿಗೆ ಹೊತ್ತಾಯಿತು" ಎಂದ. ಇವರು ಬಿಡಲಿಲ್ಲ. "ನೂರಾ ಎಂಬತ್ತು ಒಂಬತ್ತರಿಂದ ಭಾಗವಾಗುತ್ತದೆ ಮೇಡಂ" ಎಂದು ನನಗೆ ಹೇಳುತ್ತಾ ಕುರ್ಚಿಯ ಅಂಚಿಗೆ ಸರಿದು ಕುಳಿತರು. ನನಗೆ ಅರ್ಥವಾಗಲಿಲ್ಲ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದಂತೆ. ಗುಮಾಸ್ತರಾಗಿದ್ದಾಗ ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯವದು. ನನ್ನ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಬರೆದು ತೋರಿಸಿದರು. ಆ ದಿನದ ಚಲನ್‌ಗಳನ್ನೆಲ್ಲ ಮತ್ತೆ ಹರಡಿಕೊಂಡು ಒಂದೊಂದನ್ನೇ ಗಣಕಯಂತ್ರದ ನಮೂದಿನೊಂದಿಗೆ ಹೋಲಿಸುತ್ತಾ ಹೋದಾಗ, ಒಂದು ಚಲನ್‌ನ ಹಿಂಬದಿಯಲ್ಲಿ ಐನೂರರ ಏಳು ನೋಟು, ಐವತ್ತರದೊಂದು, ಇಪ್ಪತ್ತರದೊಂದು ಎಂದು ಬರೆದಿತ್ತು. 3,570 ರೂಪಾಯಿ. ಖಾತೆಗೆ ಜಮೆಯಾದದ್ದು 3,750. ಅದು ಸಿಕ್ಕಾಗ ಎಂಟೂಕಾಲು ಗಂಟೆ.

ಇದನ್ನು ಹೇಳಲು ಅವರು ಹದಿನೈದು ನಿಮಿಷ ತೆಗೆದುಕೊಂಡರು. ವಿಮೆಯ ಪ್ರಸಂಗಕ್ಕೆ ಮೂರು ನಿಮಿಷವೂ ಹಿಡಿದಿರಲಿಲ್ಲ.

ಹೇಳಿ ಮುಗಿಸಿದವರೇ ಮಂಕಾದರು. ನೂರಾ ಎಂಬತ್ತು ರೂಪಾಯಿಗಾಗಿ ಹುಡುಗನ ಬಸ್ಸು ತಪ್ಪಿಸಿದೆ, ಮೇಲಿನವರಿಗೆ ಗೊತ್ತಾದರೆ ನಗುತ್ತಾರೆ ಎಂದರು. ಬಳಿಕ ಮೆಲ್ಲಗೆ, "ಮ್ಯಾನೇಜರ್ ಆಗಿ ಅದು ತಪ್ಪು ಮೇಡಂ. ಆದರೆ ಆ ಎರಡು ಗಂಟೆ ನಾನು ಮ್ಯಾನೇಜರ್ ಆಗಿರಲಿಲ್ಲ" ಎಂದರು.

ನಾನು ಹಳೆಯ ಎರಡೂ ಟಿಪ್ಪಣಿಗಳನ್ನು ಹೊಡೆದುಹಾಕಿದೆ.

ಅಮೆರಿಕದ ಎಂಐಟಿಯಲ್ಲಿ ಅಧ್ಯಾಪಕರಾಗಿದ್ದ ಎಡ್ಗರ್ ಶೈನ್ ಅವರು, ಅರವತ್ತರ ದಶಕದ ಆರಂಭದಲ್ಲಿ ವ್ಯವಹಾರ ನಿರ್ವಹಣೆ ಓದಿ ಹೊರಬಿದ್ದ 44 ಮಂದಿಯನ್ನು ಹತ್ತು ಹನ್ನೆರಡು ವರ್ಷಗಳ ನಂತರ ಮತ್ತೆ ಮಾತನಾಡಿಸಿ, ಪ್ರತಿಯೊಬ್ಬರಿಗೂ ಎಂಥ ಒತ್ತಡ ಬಂದರೂ ಬಿಟ್ಟುಕೊಡಲಾಗದ ಒಂದು ಅಂಶ ವೃತ್ತಿಯಲ್ಲಿರುತ್ತದೆ ಎಂದು ಕಂಡುಕೊಂಡರು. ದೋಣಿ ಎಷ್ಟೇ ತೇಲಿದರೂ ಎಳೆದು ಹಿಡಿಯುವ ಲಂಗರಿಗೆ ಅವರು ಅದನ್ನು ಹೋಲಿಸಿದರು. ಕೆಲವರ ಲಂಗರು ಜನರನ್ನೂ ಜವಾಬ್ದಾರಿಯನ್ನೂ ನಿರ್ವಹಿಸುವುದರಲ್ಲಿದ್ದರೆ, ಇನ್ನು ಕೆಲವರದು ಒಂದು ಕಸುಬಿನ ನೈಪುಣ್ಯದಲ್ಲಿರುತ್ತದೆ. ಎರಡನೆಯ ಬಗೆಯವರಿಗೆ ನಮ್ಮ ಕಚೇರಿಗಳು ಕೊಡುವ ಬಹುಮಾನವೆಂದರೆ ಅವರನ್ನು ಆ ಕಸುಬಿನಿಂದ ಮೇಲೆತ್ತಿ ನಿರ್ವಹಣೆಯ ಕುರ್ಚಿಯಲ್ಲಿ ಕೂರಿಸುವುದು. ಚೆನ್ನಾಗಿ ಪಾಠ ಹೇಳುವವರನ್ನು ಮುಖ್ಯೋಪಾಧ್ಯಾಯರನ್ನಾಗಿ ಮಾಡಿ ಬಿಸಿಯೂಟದ ಲೆಕ್ಕ ಬರೆಸುವುದೂ ಇದೇ ಸಾಲಿಗೆ ಸೇರುತ್ತದೆ.

ಅವರಿಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಆ ವರ್ಷದ ಬಡ್ತಿಯ ವಿಚಾರವನ್ನು ಆರು ವಾರ ಪಕ್ಕಕ್ಕಿಟ್ಟು, ದಿನವೂ ರಾತ್ರಿ ನೋಟುಪುಸ್ತಕದಲ್ಲಿ ಎರಡೇ ಸಾಲು ಬರೆಯಲು ಹೇಳಿದೆ: ಇಂದು ಯಾವ ಗಂಟೆ ತಿಳಿಯದೆ ಸರಿಯಿತು, ಯಾವುದು ಸರಿಯಲೇ ಇಲ್ಲ. ಆರು ವಾರದ ನಂತರ ನೋಡಿದರೆ ವಿಮೆ ಮಾರುವ ಟಾರ್ಗೆಟ್ಟಿನ ದೂರವಾಣಿ ಸಭೆಗಳು ಎರಡನೆಯ ಸಾಲಿನಲ್ಲಿ ತುಂಬಿಹೋಗಿದ್ದವು. ಸಾಲದ ಕಡತಗಳಲ್ಲಿನ ಲೋಪ ಹುಡುಕಿದ್ದು, ಲೆಕ್ಕ ಸ್ಪಷ್ಟವಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇರಿಸುವ ಸಸ್ಪೆನ್ಸ್ ಖಾತೆಯ ಹಳೆಯ ಬಾಕಿ ನಮೂದುಗಳನ್ನು ಬಗೆಹರಿಸಿದ್ದು ಮೊದಲನೆಯದರಲ್ಲಿದ್ದವು. ಆಗ, ತಪಾಸಣಾ ವಿಭಾಗಕ್ಕೆ ವರ್ಗ ಕೇಳಿ, ಆದರೆ ಕೇಳುವ ಮೊದಲು ಬಡ್ತಿ ತಡವಾದರೆ ತಿಂಗಳಿಗೆ ಎಷ್ಟು ರೂಪಾಯಿ ಕಡಿಮೆಯಾಗುತ್ತದೆಂದು ಹೆಂಡತಿಯೊಂದಿಗೆ ಕುಳಿತು ಲೆಕ್ಕ ಹಾಕಿ ಎಂದೆ. ಮಗಳು ಪಿಯುಸಿಯಲ್ಲಿದ್ದಳು; ಕೋಚಿಂಗ್ ಶುಲ್ಕದ ಭಾರವನ್ನು ಹೆಂಡತಿಯೊಬ್ಬರೇ ಮನಸ್ಸಿನಲ್ಲಿ ಹೊತ್ತು, ಗಂಡನ ಪ್ರೇರಣೆಗೆ ಮಾತ್ರ ಮನ್ನಣೆ ಕೊಡುವ ಸಲಹೆ ನನಗೆ ಒಪ್ಪಿಗೆಯಲ್ಲ.

ಸಹೋದ್ಯೋಗಿಯೊಬ್ಬರು ಈ ಪ್ರಕರಣವನ್ನು ಕೇಳಿ, ನೀವು ಸೋತವನಿಗೆ ಸೋಲನ್ನು ಒಪ್ಪಿಕೊಳ್ಳಲು ಕಲಿಸಿದಿರಿ ಎಂದು ಟೀಕಿಸಿದರು. ಸಂದರ್ಶನಕ್ಕೆ ತಯಾರಿ ಮಾಡಿಸಿ, ಆತ್ಮವಿಶ್ವಾಸ ತುಂಬಬಹುದಿತ್ತು ಎಂಬುದು ಅವರ ವಾದ. ಮಾಡಬಹುದಿತ್ತು, ನಿಜ, ಮೂರನೆಯ ಸಲ ಅವರು ಗೆಲ್ಲುತ್ತಲೂ ಇದ್ದರೇನೋ. ಗೆದ್ದ ಮೇಲೆ ದೊಡ್ಡ ಶಾಖೆ, ಮೂರು ಪಟ್ಟು ಟಾರ್ಗೆಟ್, ಹೊರರಾಜ್ಯದ ವರ್ಗಾವಣೆ, ಮತ್ತೆ ಎರಡನೆಯ ಸಾಲಿನ ಕೆಲಸಗಳೇ. ಷಡ್ಡಕರ ಹುದ್ದೆಯನ್ನು ತನ್ನ ಗುರಿಯೆಂದು ಬರೆದುಕೊಂಡವರಿಗೆ ಆ ಗುರಿ ತಲುಪಲು ನೆರವಾಗುವುದು ಸಲಹೆಗಾರರ ಕೆಲಸವೆಂದು ನಾನು ನಂಬುವುದಿಲ್ಲ. ಹಾಗೆಂದು, ಮನಸ್ಸಿಗೆ ಹಿಡಿಸಿದ್ದನ್ನೇ ಮಾಡಿ, ಕೆಲಸ ಬಿಟ್ಟುಬಿಡಿ ಎಂದು ಹೇಳುವವಳೂ ನಾನಲ್ಲ. ಗೃಹಸಾಲದ ಕಂತು ಕಟ್ಟುವವರಿಗೆ ಅಂಥ ಮಾತು ಹೇಳುವುದು ಸುಲಭ, ಅದರ ಫಲ ಉಣ್ಣುವವರು ಅವರು. ಇವರಿಗೆ ಅದೇ ಸಂಬಳದಲ್ಲಿ, ಅದೇ ಸಂಸ್ಥೆಯೊಳಗೆ ಬೇರೆ ಕುರ್ಚಿ ಇತ್ತು. ಆದ್ದರಿಂದ ಈ ಸಲಹೆ ಸಾಧ್ಯವಾಯಿತು. ಗಾರ್ಮೆಂಟ್ ಕಾರ್ಖಾನೆಯ ಸಾಲಿನಲ್ಲಿ ಕೂತು ಹೊಲಿಯುವ ಹೆಣ್ಣುಮಗಳಿಗೆ ನೋಟುಪುಸ್ತಕ ಕೊಟ್ಟು ಎರಡು ಸಾಲು ಬರೆ ಎಂದರೆ ಅದು ಅಪಹಾಸ್ಯವಾದೀತು.

ವರ್ಗ ಸಿಗಲು ಎಂಟು ತಿಂಗಳಾಯಿತು. ತಪಾಸಣೆಗೆಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಊರೂರು ಸುತ್ತುತ್ತಾರೆ. ಅದಕ್ಕೆ ಮನೆಯಲ್ಲಿ ಅಸಮಾಧಾನವಿದೆ, ಅವರ ಹೆಂಡತಿ ಒಮ್ಮೆ ನನಗೇ ಕರೆ ಮಾಡಿ ಹೇಳಿದರು. ಈ ವರ್ಷ ಅವರು ಸ್ಕೇಲ್ ಮೂರಕ್ಕೆ ಮತ್ತೆ ಅರ್ಜಿ ಹಾಕಿದ್ದಾರೆ. ತಪಾಸಣಾ ವಿಭಾಗದಲ್ಲಿಯೇ ಆ ದರ್ಜೆಯ ಹುದ್ದೆಯೊಂದು ಖಾಲಿಯಾಗಲಿದೆಯಂತೆ. ಷಡ್ಡಕರ ವಿಷಯ ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ.